ದೀಪ ಆರಿತು, ಮೂರು ಚುಕ್ಕೆ

ಮಾರ್ಚ್ ೩, ಮಂಗಳವಾರ

ಕಾದಂಬರಿಯ ಕೊನೆಯ ಪ್ರೂಫ್ ಮುಗಿಯಿತು. ಪುಟ ೧೮೮ರಲ್ಲಿ ಮತ್ತೆ ಅದೇ — ‘ದೀಪ ಆರಿತು…’ ಆಮೇಲೆ ಒಂದು ಸಾಲು ಖಾಲಿ. ಆಮೇಲೆ ಬೆಳಗು, ನಾಯಕಿಯ ಕೈಯಲ್ಲಿ ಚಹಾ. ಹದಿನೈದು ವರ್ಷದಿಂದ ಪ್ರೆಸ್ಸಿನಲ್ಲಿ ಕೂತು ಈ ಚುಕ್ಕೆಗಳನ್ನು ತಿದ್ದುತ್ತಿದ್ದೇನೆ. ಎರಡಿದ್ದರೆ ಒಂದು ಸೇರಿಸುವುದು, ನಾಲ್ಕಿದ್ದರೆ ಒಂದು ಹೊಡೆಯುವುದು. ಗಂಡ ಹೆಂಡಿರ ವಿಷಯದಲ್ಲಿ ನನ್ನ ವಿದ್ಯಾಭ್ಯಾಸ ಅಷ್ಟೇ — ಮೂರು ಚುಕ್ಕೆ.

ಸಂಜೆ ಪ್ರೆಸ್ಸಿನ ಯಜಮಾನರು ಹೊಸ ಪ್ರೂಫ್ ತಂದರು. ಪೇಪರಿನಲ್ಲಿ ಸುತ್ತಿ, ಮೇಲೆ ದಾರ ಕಟ್ಟಿ. ಒಬ್ಬ ಡಾಕ್ಟರಮ್ಮ ಬರೆದ ದಾಂಪತ್ಯ ಆರೋಗ್ಯದ ಕೈಪಿಡಿ. ಗೋಡೆ ನೋಡಿಕೊಂಡು ಹೇಳಿದರು, “ಇಲ್ಲಿ ಮದುವೆ ಆದೋರು ಅಂದ್ರೆ ನೀವೇ ತಾನೆ, ನೀವೇ ನೋಡಿಬಿಡಿ.” ಅವರಿಗೆ ಮೂರು ಮಕ್ಕಳು.

ಮಾರ್ಚ್ ೮, ಭಾನುವಾರ, ಮಧ್ಯಾಹ್ನ

ಇವರು ಮಲಗಿದ್ದಾರೆ. ಬೋರಲಾಗಿ. ಸೊಂಟಕ್ಕೆ ಮುಲಾಮು ಹಚ್ಚಿ ಈಗ ತಾನೆ ಬಂದೆ. ಬೆಳಿಗ್ಗೆ ಇದ್ದಕ್ಕಿದ್ದಂತೆ ನನ್ನನ್ನು ಎತ್ತಿಕೊಂಡರು — ಎರಡೂ ಕೈಯಲ್ಲಿ, ಸಿನಿಮಾ ಹೀರೋ ಹಾಗೆ. ಕನ್ನಡಕದ ಅಂಗಡಿಯವರಿಗೆ ಭಾರ ಎತ್ತಿ ಅಭ್ಯಾಸವೆಲ್ಲಿ? ಅಡುಗೆಮನೆಯಿಂದ ಹೊರಟ ಸವಾರಿ ಫ್ರಿಜ್ ತನಕ ಬಂತು. ಆಮೇಲೆ ‘ಲಟಕ್’ ಎಂದು ಒಂದು ಸದ್ದು.

“ಸಿನಿಮಾದಲ್ಲಿ ಎಷ್ಟು ಸಲೀಸಾಗಿ ಎತ್ತುತ್ತಾರೆ,” ಎಂದು ನರಳಿದರು.

“ಆ ಹೀರೋಯಿನ್‌ಗಳು ಊಟ ಮಾಡಲ್ಲ ಬಿಡಿ,” ಅಂದೆ. ಇಬ್ಬರೂ ನಕ್ಕೆವು. ನಕ್ಕರೆ ಅವರಿಗೆ ಇನ್ನೂ ನೋವು.

ನಿಜ ಹೇಳಬೇಕೆಂದರೆ ನನಗೆ ಸಮಾಧಾನವೇ ಆಯಿತು. ಇನ್ನೊಂದು ವಾರ ರಜಾ.

ಯಾರೂ ಓದದ ನೋಟ್‌ಬುಕ್ಕು, ಬರೆದೇ ಬಿಡುತ್ತೇನೆ. ಮದುವೆಯಾಗಿ ನಾಲ್ಕು ತಿಂಗಳು. ನನಗೆ ಮೂವತ್ತೆಂಟು, ಅವರಿಗೆ ನಲವತ್ತೊಂದು. ಪ್ರತಿ ಸಲವೂ ನೋವಾಗುತ್ತದೆ. ಚೂರುಪಾರು ಅಲ್ಲ, ಜೀವ ಹೋಗುವಂಥ ನೋವು. ಮದುವೆಯ ದಿನವೇ ಚಿಕ್ಕಮ್ಮ ಕಿವಿಯಲ್ಲಿ ಹೇಳಿದ್ದರು, “ಮೊದಮೊದಲು ಹಾಗೇ ಕಣೆ, ಹಲ್ಲು ಕಚ್ಚಿಕೊಂಡು ಇದ್ದುಬಿಡು.” ಕಾದಂಬರಿಗಳಲ್ಲಿ ಅದಕ್ಕೆ ‘ಸಿಹಿ ನೋವು’ ಎಂದು ಹೆಸರು. ಸಿಹಿ ಎಲ್ಲಿದೆಯೋ, ಹುಡುಕುತ್ತಿದ್ದೇನೆ. ಕಣ್ಣು ಮುಚ್ಚಿ ಹಲ್ಲು ಕಚ್ಚುತ್ತೇನೆ. ಇವರು ಅದನ್ನು ಸಂತೋಷ ಎಂದುಕೊಳ್ಳುತ್ತಾರೆ. ಸಿನಿಮಾದಲ್ಲಿ ಹೀರೋಯಿನ್‌ಗಳು ಕಣ್ಣು ಮುಚ್ಚುವುದು ಅದಕ್ಕೇ ಅಲ್ಲವೇ.

ಮಾರ್ಚ್ ೧೨, ಗುರುವಾರ

ಕೈಪಿಡಿ, ಪುಟ ೬೧. ಕೊನೆಯ ಸಾಲು ‘ಮಿಲನದ ವೇಳೆ ನೋವು ಸಹಜ’. ಪುಟ ತಿರುಗಿಸಿದರೆ ೬೨ರ ನೆತ್ತಿಯಲ್ಲಿ ಒಂದು ಅನಾಥ ತುಂಡು: ‘ವಲ್ಲ’. ಎಲ್ಲಿಂದಲೋ ಜಾರಿ ಬಿದ್ದದ್ದು. ಹೊಡೆದುಹಾಕಿದೆ. ‘ಸಹಜ’ಕ್ಕೆ ಪೂರ್ಣವಿರಾಮ ಇಟ್ಟೆ. ಚಿಕ್ಕಮ್ಮ, ಕಾದಂಬರಿಕಾರರು, ಈಗ ಡಾಕ್ಟರಮ್ಮ — ಎಲ್ಲರದೂ ಒಂದೇ ಮಾತು. ಇನ್ನು ದೂರುವುದೇನಿದೆ.

ಆದರೆ ಆ ತುಂಡಿನ ಕೆಳಗೇ, ‘ನೋವಾದರೆ ನಿಲ್ಲಿಸಿ, ಸಂಗಾತಿಗೆ ಹೇಳಿ.’ ಇದೊಳ್ಳೆ ಕಥೆ! ಸಿಟ್ಟು ಬಂತು. ಅಂಚಿನಲ್ಲಿ ಕೆಂಪು ಶಾಯಿಯಲ್ಲಿ ಬರೆದೆ: ‘ಸಹಜ ಎಂದಮೇಲೆ ನಿಲ್ಲಿಸುವುದೇಕೆ? ಹೇಳಿ ಪ್ರಯೋಜನವೇನು? ಲೇಖಕರು ಗಮನಿಸಿ.’

ಮಾರ್ಚ್ ೧೭, ಮಂಗಳವಾರ

ಡಾಕ್ಟರಮ್ಮ ಖುದ್ದಾಗಿ ಪ್ರೆಸ್ಸಿಗೆ ಬಂದರು. ಗಟ್ಟಿ ಗಂಟಲು. “ನನ್ನ ‘ವಲ್ಲ’ ಎಲ್ಲಿ?” ಯಜಮಾನರು ಏನೋ ಸಾಮಾನು ಕಳೆದಿದೆ ಎಂದುಕೊಂಡು ಮೇಜಿನ ಕೆಳಗೆ ಹುಡುಕತೊಡಗಿದರು.

ಆಕೆ ಎರಡೂ ಪುಟ ಬಿಡಿಸಿ ನನ್ನ ಮುಂದಿಟ್ಟರು. ಸಹಜ. ವಲ್ಲ. ಸಹಜವಲ್ಲ! ಕಿವಿ ಬಿಸಿಯಾಯಿತು. ಹದಿನೈದು ವರ್ಷದಲ್ಲಿ ಇಂಥ ತಪ್ಪು ಮಾಡಿದವಳಲ್ಲ. ಹಾಗೇ ಅಚ್ಚಾಗಿದ್ದರೆ ಎಷ್ಟು ಮನೆಗಳಲ್ಲಿ ಎಷ್ಟು ಹೆಂಗಸರು ಹಲ್ಲು ಕಚ್ಚುತ್ತಿದ್ದರೋ.

“ತಪ್ಪು ನಂದೇ,” ಅಂದೆ.

“ತಪ್ಪು ಇರಲಿ ಬಿಡಿ. ಈ ಅಂಚಿನ ಪ್ರಶ್ನೆ ಪ್ರೂಫ್ ನೋಡೋರದಾ, ನಿಮ್ಮದಾ?”

“ಪ್ರೂಫ್ ನೋಡೋರದು.” ಅಷ್ಟು ಹೇಳುವಷ್ಟರಲ್ಲಿ ಅಳು ಬಂದುಬಿಟ್ಟಿತು. ಯಜಮಾನರು ಮೇಜಿನ ಕೆಳಗೇ ಉಳಿದರು.

ಆಕೆ ದನಿ ತಗ್ಗಿಸಿದರು. “ಕಾರಣ ನೂರೆಂಟು ಇರುತ್ತೆ, ವಾಸಿ ಮಾಡೋಕಾಗುತ್ತೆ. ಮುಂದಿನ ಗುರುವಾರ ಬನ್ನಿ. ಇಬ್ಬರೂ. ಅದಕ್ಕೆ ಮುಂಚೆ ಅವರಿಗೆ ಹೇಳಿ.”

ಮಾರ್ಚ್ ೧೮

ಹೇಳಲಿಲ್ಲ.

ಮಾರ್ಚ್ ೧೯

ಹೇಳಲಿಲ್ಲ. ಇವರ ಸೊಂಟ ವಾಸಿಯಾಗುತ್ತಿದೆ. ಅಯ್ಯೋ.

ಮಾರ್ಚ್ ೨೨, ಭಾನುವಾರ

ಮನೆಯಲ್ಲಿ ಬಾಯಿ ಬರುವುದಿಲ್ಲ ಎಂದು ಅಂಗಡಿಗೇ ಹೋದೆ. ಕುರ್ಚಿಯಲ್ಲಿ ಗಿರಾಕಿ. ಇವರು ಗಾಜು ಬದಲಿಸುತ್ತ, “ಹೀಗೆ ಚೆನ್ನಾಗಿದೆಯಾ, ಹೀಗಾ? ಈಗ? ಅವಸರ ಇಲ್ಲ, ಇನ್ನೊಂದು ಸಲ ನೋಡಿ.” ಚೂರೂ ಬೇಸರವಿಲ್ಲ. ನೋಡುತ್ತ ನಿಂತೆ. ಆ ಗಿರಾಕಿಯ ಮೇಲೆ ಹೊಟ್ಟೆ ಉರಿಯಿತು.

ಗಿರಾಕಿ ಹೋದಮೇಲೆ ೬೧, ೬೨ ಎರಡು ಹಾಳೆ ಕೈಗಿತ್ತೆ. ಓದಿದರು. ಕನ್ನಡಕ ತೆಗೆದು, ಒರೆಸಿ, ಮತ್ತೆ ಓದಿದರು.

“ಯಾವಾಗಿಂದ?”

“ಮೊದಲಿಂದ.”

“ಕಣ್ಣು ಮುಚ್ಚಿಕೊಳ್ತಿದ್ದೆಯಲ್ಲ…”

“ಹಲ್ಲೂ ಕಚ್ಚಿಕೊಳ್ತಿದ್ದೆ. ಅದು ನಿಮಗೆ ಕಾಣಲಿಲ್ಲ.”

ಗಿರಾಕಿಯ ಕುರ್ಚಿಯಲ್ಲಿ ಕುಸಿದು ಕೂತರು. “ಬಂದೋರನ್ನೆಲ್ಲ ದಿನಕ್ಕೆ ನೂರು ಸಲ ಕೇಳ್ತೀನಿ. ನಿನ್ನನ್ನ ಒಂದು ಸಲ ಕೇಳಲಿಲ್ಲ.” ಅವರ ಮುಖ ನನಗೆ ನೋಡಲಾಗಲಿಲ್ಲ. ನಾನೂ ಹೇಳಲಿಲ್ಲವಲ್ಲ, ಅಂದೆ. ಬಾಗಿಲಿಗೆ ‘ಮುಚ್ಚಿದೆ’ ಬೋರ್ಡು ತಗುಲಿಸಿ ಅಲ್ಲೇ ಕೂತೆವು, ತುಂಬ ಹೊತ್ತು.

ಮಾರ್ಚ್ ೨೬, ಗುರುವಾರ

ಡಾಕ್ಟರಮ್ಮ ನೋಡಿದರು. ನನ್ನ ವಿಷಯದಲ್ಲಿ, ಸ್ನಾಯು ಹೆದರಿ ಬಿಗಿದುಕೊಳ್ಳುತ್ತದಂತೆ. ಒಂದಷ್ಟು ವ್ಯಾಯಾಮ, ಒಂದು ಜೆಲ್, ಅವಸರ ಬೇಡ. ಇವರು ಎಲ್ಲ ಬರೆದುಕೊಂಡು ಕೊನೆಗೆ ಕೇಳಿದರು, “ಮತ್ತೆ… ಎತ್ತಿಕೊಂಡು ಹೋಗೋದು?”

“ಅದಕ್ಕೆ ಮೂಳೆ ಡಾಕ್ಟರನ್ನ ಕೇಳಿ,” ಅಂದರು ಆಕೆ.

ಮೇ ೧೦, ಭಾನುವಾರ, ಸಂಜೆ ೪

ನಿನ್ನೆ ಕೈಪಿಡಿ ಅಚ್ಚಾಗಿ ಬಂತು. ‘ಸಹಜವಲ್ಲ’ ಒಂದೇ ಸಾಲಿನಲ್ಲಿ, ದಪ್ಪಕ್ಷರದಲ್ಲಿ. ಯಜಮಾನರು ಒಂದು ಪ್ರತಿ ಪೇಪರಿನಲ್ಲಿ ಸುತ್ತಿ ತಮ್ಮ ಮನೆಗೂ ಒಯ್ದರು.

ಇನ್ನು ಇವತ್ತು. ಇವರು ಕೇಳಿದರು, “ಹೀಗಾ… ಹೀಗಾ?” “ಎರಡನೇದು. ತಡೀರಿ, ಮೊದಲನೇದು ಇನ್ನೊಂದು ಸಲ ತೋರಿಸಿ.” ನಗು ತಡೆಯಲಾಗಲಿಲ್ಲ. ಕಣ್ಣು ತೆರೆದೇ ಇದ್ದೆ. ನೋವಾಗಲಿಲ್ಲ. ಇನ್ನೊಮ್ಮೆ ಬರೆಯುತ್ತೇನೆ — ನೋವಾಗಲಿಲ್ಲ.

ಈಗ ಚಹಾ ಇವರೇ ಮಾಡುತ್ತಿದ್ದಾರೆ. ಸಕ್ಕರೆ ಇಷ್ಟಾ, ಇಷ್ಟಾ ಎಂದು ಅಡುಗೆಮನೆಯಿಂದ ಕೂಗುತ್ತಿದ್ದಾರೆ. ಮೂರು ಚುಕ್ಕೆ ಇಡುವ ಜಾಗ ಇದು. ಇಡುವುದಿಲ್ಲ. ಎಲ್ಲ ಬರೆಯುತ್ತೇನೆ, ಮೊದಲಿಂದ. ಮೊದಲು ಇವರು ಅಭ್ಯಾಸಬಲದಿಂದ ದೀಪ ಆರಿಸಲು ಎದ್ದರು. ಹಾಡಹಗಲು, ಯಾವ ದೀಪ ಅಂದೆ. ಆಮೇಲೆ ಇವರು