ಮೊದಲು ಊಟಕ್ಕೆ ಕೂತ ಅತ್ತೆ

ಜೂನ್ 4, ಮಧ್ಯಾಹ್ನ

ಪಾತ್ರೆ, ಬಟ್ಟೆ, ಮಾವನ ಮಾತ್ರೆ — ಮುಗಿಯಿತು. ಇವರು ಇವತ್ತೂ ಮಾತಾಡಲಿಲ್ಲ. ಡೆಂಟಲ್ ಲ್ಯಾಬ್‌ನಲ್ಲಿ ಹಲ್ಲಿನ ಸೆಟ್ ಮಾಡುವ ನನ್ನ ಹಳೇ ಕೆಲಸಕ್ಕೆ ಮತ್ತೆ ಹೋಗಲಾ ಎಂದು ಕೇಳಿದಾಗಿನಿಂದ ಹೀಗೆ. ಏನು ಬೇಕಿದ್ದರೂ ಅತ್ತೆಯ ಮೂಲಕ — "ಟವಲ್ ಕೊಡೋಕೆ ಹೇಳಮ್ಮಾ ಅವಳಿಗೆ." ಅಮ್ಮನಿಗೆ ಫೋನ್ ಮಾಡಿದೆ. ಅದೇ ಹಳೇ ರಾಗ: "ಅಡ್ಜಸ್ಟ್ ಮಾಡ್ಕೋ ಕಣೇ."

ಜೂನ್ 5

ಅಡುಗೆ ಇಳಿಸಿದ್ದೇ ತಡ, ಅತ್ತೆ ತಟ್ಟೆಗೆ ಬಡಿಸಿಕೊಂಡು ಟೇಬಲ್‌ಗೆ ಕೂತರು. ಗಂಡಸರಿಗಿಂತ ಮೊದಲು! ಈ ಮನೆಯಲ್ಲಿ!

ಮಾವ ಪೇಪರ್ ಕೆಳಗಿಟ್ಟರು. "ಏನೇ ಇದು?"

"ಊಟ. ಬಿಸಿಯಾಗಿದ್ರೆ ಹೇಗಿರುತ್ತೆ ಅಂತ ನೋಡ್ತಿದೀನಿ."

ಜೀವಮಾನವೆಲ್ಲ ಮಾವನ ಕೂಗಿಗೆ ಓಡಿದ ಹೆಂಗಸು, ನಿಧಾನವಾಗಿ ಅಗಿದು ಅಗಿದು ಉಂಡರು. ನಾನು ಸೌಟು ಹಿಡಿದು, ಬಿಟ್ಟ ಬಾಯಿ ಬಿಟ್ಟಂತೆಯೇ ನಿಂತಿದ್ದೆ.

ಜೂನ್ 9

ಬರೆಯಲು ಪುರುಸೊತ್ತಿಲ್ಲ, ಮನೆ ಕೊತಕೊತ ಕುದಿಯುತ್ತಿದೆ. ಅತ್ತೆ ಗೆಳತಿಯ ಟೈಲರ್ ಅಂಗಡಿಯ ಮೇಲೆ ರೂಮ್ ಹಿಡಿದಿದ್ದಾರೆ. ಅಲ್ಲೇ ಅಂಗಿ ಗುಂಡಿಗೆ ಕಾಜಾ ಹೊಲಿಯುವ ಕೆಲಸ. "ಇವಳಿಗೆ ತಲೆ ಕೆಟ್ಟಿದೆ" ಎಂದು ಮಾವ ನೆಂಟರಿಗೆಲ್ಲ ಫೋನ್ ಮಾಡುತ್ತಿದ್ದಾರೆ.

ತಾರಸಿಯಲ್ಲಿ ಬಟ್ಟೆ ಹರವುತ್ತಾ ಅತ್ತೆ ಕೇಳಿದರು, "ನೀನೂ ಬರ್ತೀಯಾ?"

"ನಿಮ್ಮ ಮಗನ್ನ ಬಿಟ್ಟಾ, ಅತ್ತೆ?"

"ಹೆತ್ತವಳು ಹೇಳ್ತಿದೀನಿ. ಅವನು ಅಚ್ಚು ಅವರಪ್ಪನೇ. ನಾನು ಕಾದು ನೋಡಿದ್ದಾಯ್ತು. ನೀನು ಕಾಯ್ಬೇಡ."

ಅತ್ತೆ ಸೊಸೆ ಅಂದರೆ ಹಾವು ಮುಂಗುಸಿ ಅನ್ನುತ್ತಾರಲ್ಲ... ಇದನ್ನು ಹೇಳಿದರೆ ಯಾರು ನಂಬುತ್ತಾರೆ?

ಜೂನ್ 10, ಸಂಜೆ

ಅಮ್ಮನ ಫೋನ್. ಅಳುತ್ತಿದ್ದಳು. ಅತ್ತೆ ಅಲ್ಲಿಗೇ ಹೋಗಿದ್ದರಂತೆ, ಒಬ್ಬರೇ, ಬಸ್ಸಿನಲ್ಲಿ! "ಹೆಣ್ಣು ಕೊಡಿ ಅಂತ ಈ ಮೆಟ್ಟಿಲು ಹತ್ತಿದವಳು ನಾನೇ. ನನ್ನ ಮಗನ್ನ ಬಿಟ್ಟು ಬರೋಕೆ ನಿಮ್ಮ ಮಗಳಿಗೆ ಹೇಳಿ ಅಂತ ಕೇಳೋಕೂ ನಾನೇ ಬಂದಿದೀನಿ" ಅಂದರಂತೆ.

"ಇನ್ನು ಅಡ್ಜಸ್ಟ್ ಮಾಡ್ಕೋ ಅನ್ನಲ್ಲ ಕಣೇ," ಅಂದಳು ಅಮ್ಮ.

ಎಂಥ ಹೆಂಗಸಪ್ಪಾ ಈಕೆ! ಇಷ್ಟು ದಿನ ಒಂದೇ ಅಡುಗೆಮನೆಯಲ್ಲಿದ್ದೂ ನನಗೆ ಗೊತ್ತೇ ಇರಲಿಲ್ಲ.

ಜೂನ್ 12, ಬೆಳಿಗ್ಗೆ

ಲ್ಯಾಬ್‌ನವರು ಸೋಮವಾರದಿಂದ ಬಾ ಎಂದಿದ್ದಾರೆ. ಕೆಳಗೆ ಟ್ಯಾಕ್ಸಿ. ಕಿಟಕಿಯಿಂದ ಕಾಣುತ್ತದೆ — ಅತ್ತೆ ಸೀಟಿನಲ್ಲಿ ಒಂದು ಪಕ್ಕಕ್ಕೆ ಸರಿದು ಕೂತಿದ್ದಾರೆ. ಕರೆಯುತ್ತಿಲ್ಲ. ಕಾಯುತ್ತಿದ್ದಾರೆ.

ಬಾಗಿಲಲ್ಲಿ ಇವರು. "ಅಮ್ಮ ಹೊರಟ್ಲು. ಇನ್ಮೇಲೆ ಎಲ್ಲಾ ನೀನೇ ನೋಡ್ಕೋಬೇಕು. ಕೇಳಿಸ್ತಾ?"

ಕೇಳಿಸಿತು. ಭಯವಾಗುತ್ತಿದೆ. ಆದರೂ ಎದ್ದು, ಮುಖ ನೋಡಿಯೇ ಹೇಳುತ್ತೇನೆ — ನಾನೂ ಹೊರಟೆ.