ನಿನ್ನ ಹೆಗಲಿನ ಎತ್ತರ

ಕೊಮಿಜಾ ಬಂದರು

ಪ್ರೀತಿಯ ವಿಸ್ಕೊ,

ಈಸ್ಟರ್ ಸಂಜೆ ಬಂದರುಕಟ್ಟೆಯ ಮೇಲೆ ಕಡಲ ಹಾಡುಗಳಿವೆ. ಮೀನಿನ ಕಾರ್ಖಾನೆಯ ಬಂಗಾಳಿ ಕೆಲಸಗಾರರೂ ತಮ್ಮ ದೋಣಿಹಾಡು ಹಿಡಿದು ನಮ್ಮವರ ಜೊತೆ ನಿಲ್ಲುತ್ತಾರೆ.

ಹಡಗಿನ ಕೆಲಸಕ್ಕೆ ಹೋದವನ ಜಾಗವನ್ನು ಹಾಡುವವರ ಸಾಲಿನಲ್ಲಿ ಖಾಲಿ ಬಿಡುವುದು ನಮ್ಮ ವಾಡಿಕೆಯಲ್ಲವೇ? ನಿನ್ನೆ ತಾಲೀಮಿನಲ್ಲಿ ಮುದುಕ ಫ್ರಾನೆ ಗದರಿದ: "ಎರಡು ವರ್ಷ ಆಯ್ತು ಕಣಮ್ಮ, ಗಾಳಿ ಹಾಡ್ತದೇನು? ಅಲ್ಲಿ ರಫೀಕ್ ನಿಲ್ಲಲಿ."

ಆ ಬಂಗಾಳಿ ಹುಡುಗ ರಫೀಕನೇ, "ಬೇಡ ಅಜ್ಜ, ಆ ಅಣ್ಣ ಬಂದ್ರೆ ಎಲ್ಲಿ ನಿಲ್ತಾರೆ?" ಎಂದು ಪಕ್ಕಕ್ಕೆ ಸರಿದ. ನಮ್ಮವರು ಹೆಗಲ ಮೇಲೆ ಕೈಯಿಟ್ಟುಕೊಂಡು ಹಾಡುವುದನ್ನು ನೋಡಿ, ತಾನೂ ನಿನ್ನ ಖಾಲಿ ಜಾಗದಲ್ಲಿ ಗಾಳಿಯ ಮೇಲೆ ಕೈಯಿಟ್ಟ.

"ಇನ್ನೂ ಸ್ವಲ್ಪ ಮೇಲಿಡಪ್ಪ, ನಮ್ಮ ವಿಸ್ಕೊ ಎತ್ತರ," ಎಂದೆ.

ನಿನ್ನ ಬಿಳಿ ಅಂಗಿಗೆ ಇಸ್ತ್ರಿ ಹಾಕಿಟ್ಟಿದ್ದೇನೆ. ಬಂದುಬಿಡು. ಹಾಡು ಉದ್ದವಿದೆ, ಪಾಪ, ಅವನ ಕೈ ಸೋಲುತ್ತದೆ.

ನಿನ್ನ,
ನೇಡಾ