ಕ್ಯಾಪ್ಟನ್ ಕೂಗು

ಜನವರಿ 6, ಸೋಮವಾರ, ಬೆಳಿಗ್ಗೆ

ಕಲಾರಸಿಕರೇ, ಕ್ರೀಡಾಭಿಮಾನಿಗಳೇ, ನೆರೆದಿರುವ ಮಹಾಜನಗಳೇ! ಭಾರತೀನಗರ ಕಬಡ್ಡಿ ತಂಡದ ಕ್ಯಾಪ್ಟನ್ ಜಯಪ್ರಕಾಶ್ ರಂಗಪ್ರವೇಶ ಮಾಡಿದ್ದಾನೆ! ಪ್ರಾಕ್ಟೀಸ್ ಮುಗಿಸಿ, ಡೈರಿಗೆ ಹಾಲು ಹಾಕಿ, ಮಂಡಿಗೆ ಬ್ಯಾಂಡೇಜ್ ಸುತ್ತಿಕೊಂಡು ಕೂತಿದ್ದಾನೆ... ಚಪ್ಪಾಳೆ ಇಲ್ಲ. ಹಸು ಬಾಲ ಬೀಸಿತು, ಅಷ್ಟೇ.

ಎಡಮಂಡಿ ಮತ್ತೆ ಊದಿದೆ. ನೋವಿಲ್ಲ. ಇರಬೇಕಿತ್ತು.

ಹತ್ತೊಂಬತ್ತಕ್ಕೆ ಕ್ಯಾಪ್ಟನ್ ಆದವನು. ಈಗ ನಲವತ್ತೊಂದು. ಮಂಡ್ಯದ ಟೀಮಿನವರು ಕರೆದರು, ಹೋಗಲಿಲ್ಲ. ಮದುವೆಯ ಮಾರನೆಯ ದಿನವೂ ಮದ್ದೂರಿನಲ್ಲಿ ಆಡಿದೆ — ಕೈಯಲ್ಲಿ ಕಂಕಣ ಇತ್ತು, ರೆಫರಿ ಬಿಚ್ಚಿಸಿದ.

ಜನವರಿ 8

ಟೀಮು ಕಟ್ಟಿದ ಮರಿಸಿದ್ದಯ್ಯ ಟೀ ಅಂಗಡಿಗೆ ಕರೆದ.

"ಲೇ ಜೇಪ್ರಕಾಸ, ಭಾನ್ವಾರ ಮಳವಳ್ಳಿ ಮ್ಯಾಚ್ಗೆ ನಮ್ ಹುಡ್ಗ ಪುಟ್ರಾಜು ಕ್ಯಾಪ್ಟನ್ ಆಗ್ಲಿ ಕಣ್ಲಾ. ನೀನು ಆಡು, ಬ್ಯಾಡ ಅನ್ನಕಿಲ್ಲ. ಕಾರ್ನರ್ನಾಗೆ ನಿಂತ್ಕೊ. ಆ ಮಂಡಿ ಇಟ್ಕಂಡು ಇನ್ನೆಷ್ಟು ದಿನ ಎಗರಾಡೀಯ?"

"ಆಯ್ತು ಬುಡಣ್ಣ," ಎಂದೆ.

ನಾಟಕದಲ್ಲಿ ರಾಜ್ಯ ಬಿಡುವುದಕ್ಕೆ ಎರಡು ಕಂದಪದ್ಯ, ಒಂದು ಉದ್ದನೆಯ ಮಾತು, ಹಾರ್ಮೋನಿಯಂ ಬೇಕು. ಇಲ್ಲಿ ಅರ್ಧ ಟೀ ಸಾಕಾಯಿತು.

ಹೆಂಡತಿ ನಯನಳಿಗೆ ಹೇಳಿದೆ. ಸೊಪ್ಪು ಬಿಡಿಸುತ್ತಿದ್ದಳು. "ಸದ್ಯ! ಇನ್ನಾದ್ರೂ ಮನೇಲಿ ಮೆತ್ತಗೆ ಮಾತಾಡ್ತೀರೇನೋ," ಎಂದು ನಕ್ಕಳು. ಆಮೇಲೆ ನನ್ನ ಮುಖ ನೋಡಿ ಮತ್ತೆ ಸೊಪ್ಪಿನ ಕಡೆ ತಿರುಗಿದಳು. ನಾನೂ ನಗಬೇಕಿತ್ತೇನೋ.

ಜನವರಿ 12, ಭಾನುವಾರ, ಸಂಜೆ

ಸೋತೆವು. ಒಂದು ಪಾಯಿಂಟಲ್ಲಿ.

ಆಟಕ್ಕೆ ಮುಂಚೆ ಹೆಗಲಿಗೆ ಹೆಗಲು ಕೊಟ್ಟು ದುಂಡಗೆ ನಿಲ್ಲುತ್ತೇವೆ. ಕ್ಯಾಪ್ಟನ್ ಒಬ್ಬನೇ "ದೊಡ್ಡೀ!" ಎಂದು ಭಾರತೀನಗರದ ಹಳೆಯ ಹೆಸರು ಕೂಗಬೇಕು. ಉಳಿದವರು "ಓ!" ಅನ್ನಬೇಕು. ಕೂಗಿದವನ ಮಾತೇ ಆವತ್ತು ನಡೆಯುವುದು. ನಮ್ಮಲ್ಲಿ ಹಾಗೇ.

ಪುಟ್ಟರಾಜು ಉಸಿರೆಳೆದುಕೊಂಡ. ಎದೆ ಉಬ್ಬಿತು. ಅಷ್ಟರಲ್ಲಿ ಕೂಗು ಕೇಳಿಸಿತು — ನನ್ನದು! ಬೇಕೆಂದಲ್ಲ. ಗಂಟಲಿನಿಂದ ತಾನಾಗಿಯೇ ಹೊರಟುಹೋಯಿತು. ಗ್ರೌಂಡ್ ಆಚೆ ಬಸ್ಸಿಗೆ ಕಾಯುತ್ತಿದ್ದವರೂ ತಿರುಗಿ ನೋಡಿದರು. ಹುಡುಗರು "ಓ!" ಅಂದರು. ಪುಟ್ಟರಾಜು ತೆರೆದ ಬಾಯಿಯಲ್ಲೇ ನಿಂತ.

ಅಲ್ಲಿಂದ ಕೆಟ್ಟಿತು. ಅವನು "ಹಿಡ್ರಲಾ!" ಎಂದರೆ ಹುಡುಗರು ನನ್ನ ಮುಖ ನೋಡುತ್ತಿದ್ದರು. ಅಷ್ಟರೊಳಗೆ ಎದುರಾಳಿ ರೇಡರ್ ಮುಟ್ಟಿ ಗೆರೆ ದಾಟಿರುತ್ತಿದ್ದ. ಕೊನೆಯ ರೇಡಿನಲ್ಲೂ ಅದೇ.

ಬಸ್ಸಿನಲ್ಲಿ ನಮ್ಮ ಟೀಮಿನ ಚಿಕ್ಕಣ್ಣ, "ನಮಗೆ ಇಬ್ರು ಕ್ಯಾಪ್ಟನ್ನು, ಅವ್ರಿಗೆ ಒಂದು ಕಪ್ಪು. ಸರಿಯಾಗೇ ಅಂಚ್ಕಂಡ್ವಿ ಕಣ್ರಲಾ," ಎಂದ. ಯಾರೂ ನಗಲಿಲ್ಲ. ಪುಟ್ಟರಾಜು ಊರು ಬರುವವರೆಗೂ ಕಿಟಕಿ ಕಡೆಗೇ ತಿರುಗಿದ್ದ.

ನನಗೆ ಏನೂ ಅನ್ನಿಸಲಿಲ್ಲ. ಮಂಡಿಯ ಹಾಗೇ.

ಜನವರಿ 18, ಶನಿವಾರ, ಸಂಜೆ

ವಾರವೆಲ್ಲ ಗ್ರೌಂಡಿಗೆ ಹೋಗಲಿಲ್ಲ. ಸಂಕ್ರಾಂತಿ ಬಂತು, ಹೋಯಿತು. ಎಳ್ಳುಬೆಲ್ಲ ತಿಂದೆ.

ಈಗ ಪುಟ್ಟರಾಜು ಬಂದಿದ್ದ. ಜಗಲಿಯ ಮೇಲೆ ಕೂರಲಿಲ್ಲ.

"ಅಣ್ಣ, ನೀನೇ ಇಟ್ಕೊ. ನಂಗೆ ಬ್ಯಾಡ ಈ ಕ್ಯಾಪ್ಟನ್ನು."

"ಯಾಕ್ಲಾ?"

"ನಾನು ಬಡ್ಕಂಡ್ರೂ ಅವ್ರು ನಿನ್ನೇ ನೋಡ್ತಾರೆ. ನಾಳೆ ಬೆಳಿಗ್ಗೆ ಪ್ರಾಕ್ಟೀಸ್ಗೆ ಬಂದು ನೀನೇ ಕೂಗು. ನಾನು ಓ ಅಂತೀನಿ, ಬೇಜಾರಿಲ್ಲ."

ಹೂಂ ಅಂದಿದ್ದರೆ ಮುಗಿಯುತ್ತಿತ್ತು. ಬಾಯಿಗೆ ಬಂದಿತ್ತು ಕೂಡ.

"ಕಾಪಿ ಕುಡ್ದು ಓಗ್ಲಾ," ಎಂದೆ. ಕುಡಿದು ಹೋದ.

ಎದ್ದು ಲೋಟ ಒಳಗಿಡಲು ಹೋದೆ. ಮಂಡಿ ಚುಳಕ್ ಎಂದಿತು. ಗೋಡೆ ಹಿಡಿದುಕೊಂಡೆ. ನೋವು! ಎಷ್ಟೋ ದಿನದ ಮೇಲೆ.

ಮಹಾಜನಗಳೇ, ಕೇಳಿಸಿಕೊಳ್ಳಿ. ನಾಳೆ ಬೆಳಿಗ್ಗೆ ಗ್ರೌಂಡಿಗೆ ಹೋಗುತ್ತೇನೆ. ಪುಟ್ಟರಾಜುವಿನ ಪಕ್ಕದಲ್ಲೇ ನಿಲ್ಲುತ್ತೇನೆ. ಹುಡುಗರು ನನ್ನ ಮುಖ ನೋಡಿದರೆ ನಾನು ಅವನ ಮುಖ ನೋಡುತ್ತೇನೆ. ಅವನು ಕೂಗುವ ತನಕ ಹಲ್ಲು ಕಚ್ಚಿಕೊಂಡಿರುತ್ತೇನೆ, ಎಷ್ಟು ಹೊತ್ತಾದರೂ ಸರಿ. ಅವನು ಕೂಗಿದ ಕೂಡಲೇ, ಎಲ್ಲರಿಗಿಂತ ಮೊದಲು, ಊರೆಲ್ಲ ಕೇಳುವ ಹಾಗೆ, ಓ —